ಮೂರು ಸ್ಪ್ರಿಂಗಿನ ಕ್ಲಚ್ಚು

ಅಮ್ಮ ದೋಸೆಗೆ ಅಕ್ಕಿ ನೆನೆಹಾಕುವ ಅಲ್ಯೂಮಿನಿಯಂ ಡಬರಿಯಲ್ಲಿ ಒಂದು ಇಡೀ ಶುಕ್ರವಾರ ನಾಲ್ಕು ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್ ಕುಡಿಯುತ್ತ ಕೂತಿದ್ದವು. ಕೇಳದೆ ತೆಗೆದುಕೊಂಡದ್ದು ನನ್ನ ತಪ್ಪು. ಹಿತ್ತಲಿಗೆ ಬಂದ ಅಮ್ಮ ಮುಚ್ಚಳ ಎತ್ತಿ ನೋಡಿ, "ಏನಮ್ಮಾ ಇದು, ಉದ್ದಿನ ವಡೆನಾ? ಬೇಯಿಸ್ಬೇಕೋ, ಹಿಂಗೇ ಬಡಿಸ್ಬೇಕೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಹೋಲಿಕೆ ಅಷ್ಟೇನೂ ದೂರದ್ದಲ್ಲ. ನಡುವೆ ದೊಡ್ಡ ತೂತಿರುವ, ಅಂಗೈ ಅಗಲದ ತಗಡು. ಅದರ ಸುತ್ತ ಒತ್ತೊತ್ತಾಗಿ ಕೂರಿಸಿದ ಕಾರ್ಕಿನ ತುಂಡುಗಳು. ಹೊಸ ಕಾರ್ಕು ಒಣಗಿದ್ದರೆ ತಿರುಗತೊಡಗಿದ ಕೂಡಲೇ ಸುಟ್ಟು ಕರಕಲಾಗುತ್ತದೆ. ಆದ್ದರಿಂದ ಜೋಡಿಸುವ ಮೊದಲು ಅದರ ಹೊಟ್ಟೆ ತುಂಬಿಸಬೇಕು.

ನಿಮಗೆ ಮೋಟಾರ್ ಸೈಕಲ್ಲಿನ ಒಳಗುಟ್ಟಿನಲ್ಲಿ ಆಸಕ್ತಿ ಇರಬೇಕೆಂದೇನಿಲ್ಲ. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಎಂಜಿನ್ನು ಒಮ್ಮೆ ಶುರುವಾದರೆ ತಿರುಗುತ್ತಲೇ ಇರುತ್ತದೆ, ಚಕ್ರವಾದರೋ ನಾವು ಬೇಕೆಂದಾಗ ಮಾತ್ರ ತಿರುಗಬೇಕು. ಇವೆರಡರ ನಡುವೆ ಈ ಪ್ಲೇಟುಗಳು ಇವೆ. ಸ್ಪ್ರಿಂಗುಗಳು ಅವುಗಳನ್ನು ಒಂದಕ್ಕೊಂದು ಒತ್ತಿ ಹಿಡಿದಾಗ ಎಂಜಿನ್ನಿನ ಬಲ ಚಕ್ರಕ್ಕೆ ಹೋಗುತ್ತದೆ. ಎಡಗೈಯಿಂದ ಲಿವರ್ ಎಳೆದರೆ ಪ್ಲೇಟುಗಳು ಬಿಡಿಬಿಡಿಯಾಗಿ ಸಂಬಂಧ ಕಡಿಯುತ್ತದೆ. ಅಷ್ಟೇ. ಸ್ಪ್ರಿಂಗು ಬಿಗಿಯಾದಷ್ಟೂ ಹಿಡಿತ ಚೆನ್ನ, ಆದರೆ ಲಿವರ್ ಎಳೆಯುವ ಕೈಗೆ ಅಷ್ಟೇ ಕಷ್ಟ.

ಗಾಡಿ ಅಪ್ಪನದು, ನನಗಿಂತ ಹಳೆಯದು. ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂದಿನ ಹಜಾರದಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಅವುಗಳ ಸದ್ದಿನಲ್ಲಿ ಬದುಕುವ ನಾವು ಮೂವರೂ, ಅಮ್ಮನ ಚಟಾಕಿಗಳನ್ನು ಬಿಟ್ಟರೆ, ಕಡಿಮೆ ಮಾತಿನವರು. ಏಕೆಂದರೆ ಮಗ್ಗ ಓಡುವಾಗ ಕೂಗಿದರೂ ಕೇಳುವುದಿಲ್ಲ, ಮಗ್ಗ ನಿಂತಾಗ ಹೇಳಬೇಕಾದ್ದು ಮರೆತಿರುತ್ತದೆ. ಪ್ರತಿ ಭಾನುವಾರ ಅಪ್ಪ ತೂಬಗೆರೆಯಲ್ಲಿರುವ ತಮ್ಮ ಅಕ್ಕನ ಮನೆಗೆ ಈ ಗಾಡಿಯಲ್ಲಿ ಹೋಗಿಬರುತ್ತಿದ್ದರು. ಬಸ್ಸು ಹತ್ತುವವರಲ್ಲ, ಇನ್ನೊಬ್ಬರ ಹಿಂದೆ ಕೂರುವವರಂತೂ ಅಲ್ಲವೇ ಅಲ್ಲ. ಹೋದ ವರ್ಷ ಗಾಡಿ ಏರುದಾರಿಯಲ್ಲಿ ಕೈಕೊಡತೊಡಗಿತು. ಎಂಜಿನ್ನು ಅರಚಿಕೊಳ್ಳುತ್ತಿತ್ತು, ವೇಗ ಮಾತ್ರ ಏರುತ್ತಿರಲಿಲ್ಲ. "ಪ್ಲೇಟ್ ಸವ್ದೋಗೈತೆ ಕಣಮ್ಮ, ಹಳೇ ಗಾಡಿ, ಇನ್ನೇನು," ಎಂದು ಅಪ್ಪ ಅದನ್ನು ಗೋಡೆಗೆ ಒರಗಿಸಿ ಟಾರ್ಪಾಲು ಹೊದಿಸಿದರು. ಅಲ್ಲಿಗೆ ಭಾನುವಾರಗಳೂ ನಿಂತವು. ತೂಬಗೆರೆಯ ಅತ್ತೆ ಫೋನಿನಲ್ಲಿ, "ನನ್ ತಮ್ಮ ಬದುಕವ್ನಾ?" ಎಂದು ಕೇಳತೊಡಗಿದರು.

ನಾನು ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದೇನೆ. ದಿನವಿಡೀ ನನ್ನ ಕೆಲಸ ಅಳೆಯುವುದು. ಗಾಡಿಯನ್ನು ನಾನೇ ಸರಿಮಾಡುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಟ್ಯಾಂಕಿನ ತುಕ್ಕು, ಇಲಿ ಕಡಿದ ವೈರು, ಮಂಕಾದ ಬಣ್ಣ, ಒಂದೊಂದಕ್ಕೂ ಹಲವು ಶನಿವಾರಗಳು ಹೋದವು. ಗೊತ್ತಾಗದ್ದನ್ನು ಹಳೇ ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟಿರುವ ಮೆಕ್ಯಾನಿಕ್ ಚಾಂದ್ ಪಾಷಾ ಬಂದು ತೋರಿಸಿಕೊಡುತ್ತಿದ್ದರು. ಅಪ್ಪನೂ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತು, ಸ್ಕ್ರೂಗಳನ್ನು ತಟ್ಟೆಯಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದರು. ಕ್ಲಚ್ಚನ್ನು ಕೊನೆಗೆ ಉಳಿಸಿಕೊಂಡಿದ್ದೆ. ಅದರ ಮುಚ್ಚಳ ಬಿಚ್ಚಿದ ಶನಿವಾರ ಮಾತ್ರ ಅಪ್ಪ ಮಗ್ಗದಿಂದ ಏಳಲೇ ಇಲ್ಲ.

ಮುಚ್ಚಳದೊಳಗೆ ಸ್ಪ್ರಿಂಗಿಗೆಂದು ಆರು ಗುಳಿಗಳಿದ್ದವು. ಸ್ಪ್ರಿಂಗುಗಳು ಮೂರೇ.

"ಅರೆ, ಯಾವನ್ ಮೇಡಂ ಇದನ್ನ ಮುಂಚೆ ಬಿಚ್ಚಿದ್ದು?" ಎಂದರು ಚಾಂದ್ ಪಾಷಾ. "ಮೂರು ಸ್ಪ್ರಿಂಗ್ ನುಂಗಿ ನೀರ್ ಕುಡ್ದವ್ನೆ!"

ಪ್ಲೇಟುಗಳು ಸವೆದಿದ್ದು ನಿಜ. ಕಾರ್ಕು ಕಪ್ಪಾಗಿ, ಗಾಜಿನಂತೆ ನುಣುಪಾಗಿತ್ತು. ಹಿಡಿತ ಸಾಲದೆ ಜಾರಿ ಜಾರಿ ಸುಟ್ಟದ್ದು ಅದು, ವಯಸ್ಸಾಗಿ ಸವೆದದ್ದಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಖಾಲಿ ಗುಳಿಗಳು. ಅವು ಒಂದು ಬಿಟ್ಟು ಒಂದರಂತೆ ಖಾಲಿಯಿದ್ದವು, ಒತ್ತಡ ಯಾವ ಕಡೆಗೂ ವಾಲದ ಹಾಗೆ. ಪ್ರತಿಯೊಂದನ್ನೂ ಒರೆಸಿ, ತುಕ್ಕು ಹಿಡಿಯದಿರಲೆಂದು ತೆಳುವಾಗಿ ಗ್ರೀಸು ಸವರಲಾಗಿತ್ತು. ಬೇಜವಾಬ್ದಾರಿ ಮೆಕ್ಯಾನಿಕ್ಕಿಗೆ ಇಷ್ಟು ವ್ಯವಧಾನ ಇರುವುದಿಲ್ಲ. ಮಗ್ಗದ ಯಾವ ಭಾಗವನ್ನು ಬಿಚ್ಚಿದರೂ ಖಾಲಿಯಾದ ಜಾಗಕ್ಕೆ ಹೀಗೆ ಗ್ರೀಸು ಸವರುವ ಒಬ್ಬರನ್ನು ನಾನು ಚಿಕ್ಕಂದಿನಿಂದ ಬಲ್ಲೆ.

ಆಗ ಕಂಡೂ ಕಾಣದಂತಿದ್ದ ಹಲವು ಸಂಗತಿಗಳು ತಾವಾಗಿ ಸಾಲುಗಟ್ಟಿದವು. ಅಪ್ಪನ ಎಡಗೈಲಿರುತ್ತಿದ್ದ ಕಾಫಿ ಲೋಟ ಯಾವಾಗಲೋ ಬಲಗೈಗೆ ಹೋಗಿತ್ತು. ಮಗ್ಗದ ಹಾಸಿನಲ್ಲಿ ಕಡಿದ ಎಳೆಗಳನ್ನು ಬೆರಳಲ್ಲಿ ಹೊಸೆದು ಸೇರಿಸುವ ಕೆಲಸ ಸದ್ದಿಲ್ಲದೆ ಅಮ್ಮನ ಪಾಲಿಗೆ ಬಂದಿತ್ತು. ನೀರಿನ ಬಾಟಲಿಯನ್ನು ಅಪ್ಪ ತೊಡೆಗಳ ನಡುವೆ ಇಟ್ಟುಕೊಂಡು ಬಿರಡೆ ತಿರುಗಿಸುತ್ತಿದ್ದರು. ಅಂಗುಲದ ಸಾವಿರದಲ್ಲೊಂದು ಭಾಗ ಹೆಚ್ಚುಕಡಿಮೆಯಾದರೆ ಕಾರ್ಖಾನೆಯಲ್ಲಿ ಮಾಲನ್ನು ಹಿಂದೆ ಕಳಿಸುವ ನಾನು, ಮನೆಯಲ್ಲಿ ಒಂದು ಇಡೀ ಕೈ ಕಡಿಮೆಯಾದದ್ದನ್ನು ಗಮನಿಸಿರಲಿಲ್ಲ.

ಚಾಂದ್ ಪಾಷಾ ಅವರಿಗೂ ಅರ್ಥವಾಗಿರಬೇಕು. ಮಗ್ಗದ ಸದ್ದು ಬರುತ್ತಿದ್ದ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು: "ನೋಡಿ ಮೇಡಂ, ಆರು ಹಾಕಿದ್ರೆ ಗಾಡಿ ಓಡತ್ತೆ. ಮೂರು ಹಾಕಿದ್ರೆ ಯಜಮಾನ್ರು ಓಡಿಸ್ತಾರೆ, ಆದ್ರೆ ಹೊಸ ಪ್ಲೇಟೂ ಸುಟ್ಟೋಗತ್ತೆ. ಯಾವ್ದು ಬೇಕೋ ನೀವೇ ಹೇಳಿ."

ಯೋಚಿಸಿ ತಿಳಿಸುತ್ತೇನೆಂದು ಅವರನ್ನು ಕಳಿಸಿ, ಬಿಚ್ಚಿದ ಕ್ಲಚ್ಚಿನ ಮುಂದೆ ಕೂತೆ. ಪ್ಲೇಟುಗಳ ಬಗ್ಗೆ ಒಂದು ಸರಳ ಸತ್ಯವಿದೆ. ಪೂರ್ತಿ ಅಂಟಿಕೊಂಡಾಗ ಅವು ಸವೆಯುವುದಿಲ್ಲ, ಪೂರ್ತಿ ಬೇರೆಯಾದಾಗಲೂ ಸವೆಯುವುದಿಲ್ಲ. ಹಿಡಿದೂ ಹಿಡಿಯದ, ಬಿಟ್ಟೂ ಬಿಡದ ಆ ನಡುವಿನ ಸ್ಥಿತಿಯಲ್ಲೇ ಸವೆಯುವುದೆಲ್ಲ. ನಮ್ಮ ಮನೆ ಬಹುಕಾಲದಿಂದ ಹೀಗೆ ಅರ್ಧ ಕ್ಲಚ್ಚಿನಲ್ಲೇ ಸಾಗುತ್ತಿದೆಯೇನೋ ಅನ್ನಿಸಿತು. ಇದರಲ್ಲಿ ಅಪ್ಪನೊಬ್ಬರದೇ ಪಾಲು ಎಂದರೆ ಅನ್ಯಾಯವಾಗುತ್ತದೆ. ಎರಡು ವರ್ಷದ ಹಿಂದೆ ಬಂದ ಒಂದು ಸಂಬಂಧಕ್ಕೆ ನಾನು ಬೇಡ ಎನ್ನಬೇಕಿತ್ತು. ಬದಲಿಗೆ "ಆಡಿಟ್ ಮುಗೀಲಿ," "ಮಾರ್ಚ್ ಕಳೀಲಿ," ಎಂದು ಏಳು ತಿಂಗಳು ತಳ್ಳಿದೆ. ಮರ್ಯಾದಸ್ಥರಾದ ಎರಡು ಮನೆಯವರು ಆ ಏಳು ತಿಂಗಳಲ್ಲಿ ಪರಸ್ಪರ ಉಜ್ಜಿ ಉಜ್ಜಿ ಎಷ್ಟು ಸವೆದರೆಂದರೆ, ಕೊನೆಗೆ ಬೇಡ ಎಂದಾಗ ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟರು. ಅದರ ವಿವರ ಇಲ್ಲಿ ಬೇಡ. ಯಾರನ್ನೂ ನೋಯಿಸಬಾರದೆಂದು ಸುಮ್ಮನಿರುವುದೇ ಹೆಚ್ಚು ನೋಯಿಸುವ ವಿಧಾನವಾಗಬಲ್ಲದು ಎಂಬುದನ್ನು ಬಲ್ಲೆ ಎಂದಷ್ಟೇ ಹೇಳುತ್ತೇನೆ.

ಸದ್ದಿಲ್ಲದೆ ಆರು ಸ್ಪ್ರಿಂಗು ಹಾಕಿ ಮುಚ್ಚಿಬಿಡಬಹುದಿತ್ತು. ಅಪ್ಪ ಒಮ್ಮೆ ಲಿವರ್ ಎಳೆದು ನೋಡಿ, ಏನೂ ಹೇಳದೆ ಮತ್ತೆ ಟಾರ್ಪಾಲು ಹೊದಿಸುತ್ತಿದ್ದರು. ನಾನು ಒಳಗೆ ಹೋಗಿ ಮಗ್ಗದ ಸ್ವಿಚ್ ಆರಿಸಿದೆ. ನಮ್ಮ ಮನೆಯಲ್ಲಿ ಅದು ಚಿಕ್ಕ ಕೆಲಸವಲ್ಲ.

"ಅಪ್ಪ, ಬನ್ನಿ ಇಲ್ಲಿ. ಇದ್ರಲ್ಲಿ ಮೂರೇ ಸ್ಪ್ರಿಂಗ್ ಇತ್ತು."

ಅಪ್ಪ ಕುಕ್ಕರಗಾಲಲ್ಲಿ ಕೂತು ಖಾಲಿ ಗುಳಿಗಳ ಮೇಲೆ ಬೆರಳಾಡಿಸಿದರು. "ಪಾಷಾ ನೋಡಿದ್ನಾ?"

"ನೋಡಿದ್ರು."

"ಏನಂದ?"

"ಯಾರೋ ನುಂಗಿ ನೀರ್ ಕುಡ್ದಿದಾರೆ ಅಂದ್ರು."

ಅಪ್ಪ ನಕ್ಕರು. "ಮೊದ್ಲು ಒಂದೇ ತೆಗ್ದೆ. ಒಂದ್ ಕಡೆಗೆ ಎಳೀತು. ಆಮೇಲೆ ಯೋಚ್ನೆ ಮಾಡಿ ಒಂದ್ ಬಿಟ್ ಒಂದು ತೆಗ್ದೆ," ಎಂದು ಕಸುಬಿನ ಮಾತಿನಂತೆ ವಿವರಿಸಿದರು. ಆಮೇಲೆ ಹೆಬ್ಬೆರಳಿನ ಬುಡವನ್ನು ಒತ್ತಿಕೊಂಡು, "ಹಿಡಿಯಕ್ಕಾಗಲ್ಲ ಕಣಮ್ಮ ಈ ಕೈಲಿ," ಎಂದರು.

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಗಾಡಿ ಮಾರು ಅಂತಿದ್ರಿ."

ಅಡುಗೆಮನೆಯ ಕಿಟಕಿಯಿಂದ ಅಮ್ಮನ ದನಿ ಬಂತು. "ಅದಕ್ಕಾ ಅಂಗಿ ಗುಂಡಿ ಹಾಕ್ಕೊಳ್ಳೋಕೆ ಅರ್ಧ ಗಂಟೆ? ನಾನು ಈ ವಯಸ್ಸಲ್ಲಿ ಏನಪ್ಪಾ ಇಷ್ಟು ಶೋಕಿ ಅಂದ್ಕೊಂಡಿದ್ದೆ! ಸೋಮವಾರ ಡಾಕ್ಟ್ರ ಹತ್ರ ಹೋಗಿಲ್ಲ ಅಂದ್ರೆ ಗಾಡಿ ಅಲ್ಲ, ನಿಮ್ಮನ್ನೇ ಮಾರ್ತೀನಿ."

ನೆನೆದ ಪ್ಲೇಟುಗಳನ್ನು ಒಂದೊಂದಾಗಿ ಕೂರಿಸಿ, ಅಪ್ಪ ತೆಗೆದಿಟ್ಟಿದ್ದ ಮೂರೂ ಸೇರಿ ಆರೂ ಸ್ಪ್ರಿಂಗುಗಳನ್ನು ಬಿಗಿದೆ. ಕೇಬಲ್ಲಿಗೆ ಎಣ್ಣೆ ಇಳಿಸಿದೆ. ಅಪ್ಪ ಲಿವರ್ ಎಳೆದು ನೋಡಿದರು. ದವಡೆ ಕಚ್ಚಿ ಐದು ಸಲ ಪೂರ್ತಿ ಎಳೆದರು, ಆರನೆಯದಕ್ಕೆ ಲಿವರ್ ಅರ್ಧಕ್ಕೇ ನಿಂತಿತು. ಐದು. ನನಗೆ ಅಳತೆ ಸಿಕ್ಕರೆ ದಾರಿ ಸಿಕ್ಕಂತೆ. ಮಾರನೆಯ ಬೆಳಿಗ್ಗೆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗಿ ಎಣಿಸಿದೆ. ನಮ್ಮ ಬೀದಿಯಿಂದ ಊರಿನ ಅಂಚು ಮುಟ್ಟುವಷ್ಟರಲ್ಲಿ ಹಂಪು, ಆಟೋ, ಹಸು ಎಂದು ಇಪ್ಪತ್ತೆಂಟು ಸಲ ಕ್ಲಚ್ ಹಿಡಿಯಬೇಕಾಯಿತು. ಅಲ್ಲಿಂದಾಚೆ ತೂಬಗೆರೆಯ ದಾರಿಯಲ್ಲಿ ಹೊರಡಲು ಒಂದು ಸಲ, ಗೇರು ಏರಿಸಲು ಮೂರು ಸಲ; ಆಮೇಲೆ ಎಡಗೈಗೆ ಕೆಲಸವೇ ಇಲ್ಲ. ಬಂದು ಈ ಲೆಕ್ಕ ಒಪ್ಪಿಸಿದೆ. ಅಪ್ಪ ತಿಂಡಿ ಮುಗಿಸಿ, ಕೈತೊಳೆದು, ಅಂಗಿ ಹಾಕಿಕೊಂಡು ಬಂದರು. ಗುಂಡಿಗಳನ್ನು ಅಮ್ಮ ಹಾಕಿದ್ದಳು.

"ಊರೊಳಗೆ ನೀನ್ ಓಡ್ಸು," ಎಂದರು.

ಯಾರ ಹಿಂದೆಯೂ ಕೂರದ ಮನುಷ್ಯ ಮಾರ್ಕೆಟ್ ರಸ್ತೆಯಲ್ಲಿ ನನ್ನ ಹಿಂದೆ ಕೂತು, "ಗೇರು," "ಬ್ರೇಕು," "ಲೇ, ಆಟೋ!" ಎಂಬ ಮೂರೇ ಮಾತುಗಳನ್ನು ಬಗೆಬಗೆಯಾಗಿ ಆಡುತ್ತ ಬಂದರು. ಊರು ದಾಟಿದ ಮೇಲೆ ನಾನಿಳಿದೆ, ಅವರು ಮುಂದಕ್ಕೆ ಸರಿದರು. ಎಡಕ್ಕೆ ಮಾಕಳಿದುರ್ಗದ ಬೆಟ್ಟ ಕಾಣುವಲ್ಲಿ ಏರು ಶುರುವಾಯಿತು. ಕಿವಿಗೊಟ್ಟು ಕೂತೆ. ಎಂಜಿನ್ನಿನ ದನಿ ಏರಿದಷ್ಟೇ ವೇಗವೂ ಏರಿತು, ಎಲ್ಲಿಯೂ ಜಾರಲಿಲ್ಲ.

ತೂಬಗೆರೆ ಇನ್ನೇನು ಬಂತು ಎನ್ನುವಾಗ ಕುರಿಮಂದೆಯೊಂದು ರಸ್ತೆ ತುಂಬ ಅಡ್ಡ ಬಂತು. ಗೇರಿನಲ್ಲೇ ಕ್ಲಚ್ ಹಿಡಿದು ಕಾಯುವುದು ಆಗದ ಕೆಲಸ. ಅಪ್ಪ ಎಂಜಿನ್ ಆರಿಸಿ, ಎರಡೂ ಕಾಲು ನೆಲಕ್ಕೂರಿ ನಿಂತರು. ಕುರಿ ಕಾಯುವವನು ಕೋಲು ಹೆಗಲಿಗೇರಿಸಿ ಹತ್ತಿರ ಬಂದ.

"ಏನ್ ಯಜಮಾನ್ರೇ, ಗಾಡಿ ಕೆಟ್ಟೋಯ್ತಾ?"

ಅಪ್ಪ ನನ್ನ ಕಡೆ ತಿರುಗಲಿಲ್ಲ. ಎಡಗೈಯನ್ನು ಎತ್ತಿ, ಬೆರಳು ಅರಳಿಸಿ ಅವನಿಗೆ ತೋರಿಸಿದರು.

"ಗಾಡಿಗೇನೂ ಆಗಿಲ್ಲ ಕಣಪ್ಪ. ಕೆಟ್ಟಿರೋದು ಈ ಕೈ. ನಿನ್ ಕುರಿ ನಿಧಾನಕ್ಕೇ ಹೋಗ್ಲಿ."