ರಜೆಯಲ್ಲಿದ್ದವಳು ಕೊಟ್ಟ ಅಪ್ರೂವಲ್

ಕೋವಿಡ್ ಗಲಾಟೆ ಮುಗಿದ ಎರಡನೇ ವರ್ಷ. ನಾನು ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ, ಸಹಕಾರನಗರದ ನಮ್ಮ ಮನೆಯ ಮಹಡಿ ಕೋಣೆಗೆ ಬೋರ್ಡು ಹಾಕಿಕೊಂಡು, ಸಿಸ್ಟಮ್ಸ್ ಆಡಿಟರ್ ಎಂದು ಕರೆದುಕೊಳ್ಳುತ್ತಿದ್ದೆ. ಆಡಿಟರ್ ಎಂಬ ಪದ ಕಂಡ ಕೂಡಲೇ ಬೀದಿಯ ಜನ ಇನ್‌ಕಮ್ ಟ್ಯಾಕ್ಸ್ ಕಾಗದ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರನ್ನು ಸಮಾಧಾನ ಮಾಡಿ ಕೆಳಗಿಳಿಸುವುದೇ ಒಂದು ಉದ್ಯೋಗವಾಗಿತ್ತು. ನಾನು ನೋಡುವುದು ಹಣದ ಲೆಕ್ಕವನ್ನಲ್ಲ. ಒಂದು ಸಂಸ್ಥೆಯ ಕಂಪ್ಯೂಟರಿನಲ್ಲಿ ಯಾರು ಏನು ಮಾಡಬಹುದು, ಯಾರು ಏನು ಮಾಡಿದರು, ಮಾಡಬಾರದವರು ಮಾಡಿದರೆ ಅದು ಗೊತ್ತಾಗುತ್ತದೆಯೇ ಎನ್ನುವುದನ್ನು. ನನ್ನ ಹೆಂಡತಿ ಇದಕ್ಕೆ ‘ಕಂಪ್ಯೂಟರ್ ಪೊಲೀಸ್’ ಎಂದು ಹೆಸರಿಟ್ಟಿದ್ದಳು. ಪೊಲೀಸರಿಗಾದರೂ ಯೂನಿಫಾರಂ ಇದೆ, ನಿಮಗೆ ಅದೂ ಇಲ್ಲ ಎಂದು ಸೇರಿಸುತ್ತಿದ್ದಳು.

ಆಗ ಮಾಕಳಿಯ ಒಂದು ಕಾರ್ಖಾನೆಯಿಂದ ಕರೆ ಬಂತು. ಹೆಸರು ಹೇಳುವುದಿಲ್ಲ. ಆಸ್ಪತ್ರೆಗಳಲ್ಲಿ ರೋಗಿಗೆ ಗ್ಲೂಕೋಸ್ ಏರಿಸುತ್ತಾರಲ್ಲ, ಅದರ ಪ್ಲಾಸ್ಟಿಕ್ ಕೊಳವೆ, ಸೂಜಿಯ ಜೋಡಣೆ ಎಲ್ಲ ಸೇರಿದ ಡ್ರಿಪ್ ಸೆಟ್ ಮಾಡುವ ಕಾರ್ಖಾನೆ. ಮಾಲೀಕರು ರಂಗನಾಥ್. ಅಲ್ಲಿ ಎಲ್ಲರೂ ಅವರನ್ನು ಎಂ.ಡಿ. ಸಾರ್ ಎನ್ನುತ್ತಿದ್ದರು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟು: ಒಂದು ಬ್ಯಾಚ್ ಸೆಟ್‌ಗಳು ಲೀಕ್ ಟೆಸ್ಟ್ ಆಗದೆಯೇ ಹೊರಗೆ ಹೋಗಿವೆ, ಆಸ್ಪತ್ರೆಯ ಸ್ಟೋರ್‌ನಲ್ಲಿ ತೆರೆದು ನೋಡುವಾಗ ಜೋಡಣೆ ಸೋರುವುದು ಗೊತ್ತಾಗಿದೆ, ರೋಗಿಯವರೆಗೆ ಹೋಗಿಲ್ಲ, ಡಬ್ಬಗಳೆಲ್ಲ ವಾಪಸ್ ಬಂದಿವೆ. ಈಗ ಆಸ್ಪತ್ರೆಯವರು ‘ರೂಟ್ ಕಾಸ್’ ಕೇಳುತ್ತಿದ್ದಾರೆ. ಹೊರಗಿನವರೊಬ್ಬರು ನೋಡಿ ವರದಿ ಕೊಡಬೇಕು.

ಯಶವಂತಪುರದಲ್ಲಿ ಮೆಟ್ರೊ ಹಿಡಿದು ನಾಗಸಂದ್ರದಲ್ಲಿಳಿದು, ತುಮಕೂರು ರಸ್ತೆಯ ಧೂಳು ಕುಡಿಯುತ್ತ ಆಟೋದಲ್ಲಿ ಹೋದೆ. ನನ್ನನ್ನು ಎದುರುಗೊಂಡವರು ಪ್ಲಾಂಟ್ ಮ್ಯಾನೇಜರ್ ಗಿರೀಶ್. ಚುರುಕಿನ ಮನುಷ್ಯ. ಕಾಫಿ ಬರುವ ಮೊದಲೇ ಕೇಸು ಮುಗಿಸುವ ಆತುರ.

ಮುಂದೆ ಹೋಗುವ ಮೊದಲು ಎರಡು ಪದ ಹೇಳಿಬಿಡುತ್ತೇನೆ. ಆ ಕಾರ್ಖಾನೆಯಲ್ಲಿ ಖರೀದಿಯಿಂದ ಹಿಡಿದು ಲಾರಿ ಹತ್ತಿಸುವವರೆಗೆ ಎಲ್ಲವೂ ಒಂದೇ ಸಾಫ್ಟ್‌ವೇರಿನಲ್ಲಿ ನಡೆಯುತ್ತಿತ್ತು. ಅದರಲ್ಲಿ ‘ಮೇಕರ್-ಚೆಕರ್’ ಎಂಬ ಏರ್ಪಾಡು ಇತ್ತು. ಮಾಲು ಸಿದ್ಧವಾಗಿದೆ ಎಂದು ಒಬ್ಬರು ದಾಖಲಿಸಬೇಕು. ಇನ್ನೊಬ್ಬರು ಪರೀಕ್ಷೆ ಮಾಡಿ, ಸರಿಯಿದೆ ಎಂದು ‘ಅಪ್ರೂವ್’ ಒತ್ತಬೇಕು. ಸಾರಿಗೆ ಉಪ್ಪು ಹಾಕಿದವರೇ ರುಚಿ ನೋಡಬಾರದು, ಅಷ್ಟೆ. ಯಾರು ಯಾವಾಗ ಏನು ಒತ್ತಿದರು ಎಂಬುದನ್ನು ಕಂಪ್ಯೂಟರ್ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುತ್ತದೆ. ಅದು ‘ಲಾಗ್’. ಆದರೆ ಲಾಗ್‌ಗೆ ಮನುಷ್ಯರ ಮುಖ ಕಾಣುವುದಿಲ್ಲ. ಅದಕ್ಕೆ ಕಾಣುವುದು ಯೂಸರ್ ಐಡಿ ಮಾತ್ರ.

ಆ ಬ್ಯಾಚಿನ ಲಾಗ್‌ನಲ್ಲಿ ಅಪ್ರೂವ್ ಕೊಟ್ಟ ಐಡಿ ಶಿವಲೀಲಾ ಎಂಬ ಕ್ವಾಲಿಟಿ ಇನ್‌ಸ್ಪೆಕ್ಟರ್‌ದು.

“ಹೆಸರೇ ಇದೆಯಲ್ಲ ಸಾರ್. ನೀವೊಂದು ರಿಪೋರ್ಟ್ ಕೊಟ್ಬಿಡಿ, ಕೇಸ್ ಕ್ಲೋಸ್,” ಎಂದರು ಗಿರೀಶ್.

“ಅವತ್ತು ಅವರು ಕೆಲಸಕ್ಕೆ ಬಂದಿದ್ರಾ?”

“ರಜೆ ಸಾರ್. ಅಣ್ಣನ ಎಂಗೇಜ್‌ಮೆಂಟ್ ಅಂತ ಗದಗಕ್ಕೆ ಹೋಗಿದ್ಲು.”

“ಗದಗದಿಂದ ಹೇಗೆ ಒತ್ತಿದ್ರು?”

“ಅವಳು ಒತ್ತಿಲ್ಲ ಸಾರ್. ಪಾಸ್‌ವರ್ಡ್ ಬೇರೆಯವರಿಗೆ ಕೊಟ್ಟು ಹೋಗಿದ್ದಾಳಲ್ಲ, ಅದೇ ತಪ್ಪು. ಕಸ್ಟಮರ್‌ಗೆ ಒಂದು ಹೆಸರು ಬೇಕು ಸಾರ್, ಅರ್ಥ ಮಾಡ್ಕೊಳ್ಳಿ.”

ಚೆನ್ನಾಗಿ ಅರ್ಥವಾಯಿತು. ರೂಟ್ ಕಾಸ್ ಎಂದರೆ ಮೂಲ ಕಾರಣ. ನಾನು ಕಂಡ ಹತ್ತು ಕಚೇರಿಗಳಲ್ಲಿ ಒಂಬತ್ತರಲ್ಲಿ ಅದನ್ನು ಹುಡುಕಲು ಹೊರಟವರು ಒಬ್ಬ ಮನುಷ್ಯ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸಿಬಿಡುತ್ತಾರೆ. ಆ ಮನುಷ್ಯ ಆದಷ್ಟು ಕೆಳಗಿನ ಕುರ್ಚಿಯವರಾದರೆ ಇನ್ನೂ ಅನುಕೂಲ.

ಶಿವಲೀಲಾ ಟೆಸ್ಟಿಂಗ್ ಕೋಣೆಯಲ್ಲಿ ಸಿಕ್ಕಳು. ಬಿ.ಎಸ್ಸಿ. ಓದಿದ್ದಳು, ನಾಗಸಂದ್ರದ ಪಿ.ಜಿ.ಯಲ್ಲಿ ಇದ್ದಳು. ನೀರಿನ ತೊಟ್ಟಿಯಲ್ಲಿ ಕೊಳವೆ ಮುಳುಗಿಸಿ, ಒಳಗೆ ಗಾಳಿ ಬಿಟ್ಟು, ಗುಳ್ಳೆ ಏಳುತ್ತದೆಯೇ ಎಂದು ನೋಡುವುದು ಅವಳ ಕೆಲಸ. ನನ್ನನ್ನು ಕಂಡು ಎದ್ದು ನಿಂತಳು.

“ಪಾಸ್‌ವರ್ಡ್ ಕೊಟ್ಟು ಹೋಗಿದ್ದು ನಿಜವೇನಮ್ಮ?” ಎಂದೆ.

“ಖರೇರಿ ಸರ. ಇಲ್ಲೆ ಎಲ್ಲಾರೂ ಕೊಡ್ತಾರ್ರಿ. ಮೊದಲ್ನೇ ಸಲ ರಜಾ ಹಾಕಿದಾಗ ಕೊಟ್ಟಿದ್ದಿಲ್ಲ. ನಾ ಟ್ರೇನಿನಾಗ ಇದ್ದಾಗ ಗಿರೀಶ್ ಸರ್ ಫೋನ್ ಮಾಡಿ, ನಿನ್ನಿಂದ ಲೈನ್ ನಿಂತೈತಿ ಅಂತ ಬೈದ್ರು. ಅವತ್ತಿಂದ ಕೊಟ್ಟ ಹೋಗೂದ್ರಿ. ಮನಿ ಕೀಲಿ ಬಾಜೂ ಮನ್ಯಾಗ ಕೊಟ್ಟ ಹೋಗೂದಿಲ್ಲೇನ್ರಿ, ಹಂಗ.”

ಹೋಲಿಕೆ ತಪ್ಪೆಂದು ಹೇಳುವ ಬಾಯಿ ನನಗಿರಲಿಲ್ಲ. ನಮ್ಮ ಮನೆಯ ಬೀಗದಕೈ ಎದುರುಮನೆಯ ಗಡಿಯಾರದ ಹಿಂದೆ ಇರುತ್ತದೆ. ನಮ್ಮ ಜನಕ್ಕೆ ಕೀಲಿ ಕೊಡುವುದೆಂದರೆ ನಂಬಿಕೆ. ಕೊಡದಿದ್ದರೆ ಅದು ಬಿಗುಮಾನ. ಪಾಸ್‌ವರ್ಡನ್ನೂ ಆ ಸಾಲಿಗೇ ಸೇರಿಸಿದ್ದಾರೆ.

ಅವಳ ಮೇಜಿನ ಮೇಲೆ ಒಂದು ಕಾಗದವಿತ್ತು. ಸಂಜೆಯೊಳಗೆ ಸಹಿ ಮಾಡಿ ಕೊಡಬೇಕೆಂದು ಗಿರೀಶ್ ಕೊಟ್ಟು ಹೋದದ್ದು. ಇಂಗ್ಲಿಷಿನಲ್ಲಿತ್ತು: ‘ಡೇಟಾ ಇಂಟೆಗ್ರಿಟಿ’ ನಿಯಮ ಉಲ್ಲಂಘಿಸಿರುವುದನ್ನು ಒಪ್ಪಿ, ಕೆಲಸ ಬಿಡುತ್ತಿದ್ದೇನೆ ಎಂದು. ಕೆಲಸ ಹೋಗುವುದು ಅವಳಿಗೆ ಗೊತ್ತಿತ್ತು. ಅತ್ತು ಅತ್ತು ಕಣ್ಣು ಊದಿಸಿಕೊಂಡು, ಬೇರೆ ಕಡೆ ನೋಡಿದರಾಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

“ಇದರ ಅರ್ಥ ಗೊತ್ತಾ?” ಎಂದು ಆ ಎರಡು ಪದಗಳ ಮೇಲೆ ಬೆರಳಿಟ್ಟೆ.

“ಸಾಫ್ಟ್‌ವೇರಿಂದು ಏನೋ ಪ್ರಾಬ್ಲಮ್ ಅಂತ ಹೇಳ್ಯಾರ್ರಿ. ಸಹಿ ಮಾಡಿದ್ರ ರಿಲೀವಿಂಗ್ ಲೆಟರ್ ಲಗೂನ ಕೊಡ್ತೀವಿ ಅಂದಾರ.”

ಕೂತು ಬಿಡಿಸಿ ಹೇಳಿದೆ. ಡೇಟಾ ಇಂಟೆಗ್ರಿಟಿ ಎಂದರೆ ದಾಖಲಾದದ್ದೆಲ್ಲ ನಡೆದದ್ದೇ ಆಗಿರಬೇಕು ಎನ್ನುವ ನಿಯಮ. ಅದನ್ನು ಉಲ್ಲಂಘಿಸಿದೆ ಎಂದರೆ, ಮಾಡದ ಪರೀಕ್ಷೆಯನ್ನು ಮಾಡಿದೆ ಎಂದು ಸುಳ್ಳು ಬರೆದೆ ಎಂದು ಒಪ್ಪಿಕೊಂಡ ಹಾಗೆ. ಔಷಧಿ, ಆಸ್ಪತ್ರೆ ಸಾಮಾನಿನ ಯಾವ ಕಾರ್ಖಾನೆಯೂ ಇಂಥ ತಪ್ಪೊಪ್ಪಿಗೆ ಕೊಟ್ಟವರನ್ನು ಗೇಟಿನೊಳಗೆ ಬಿಡುವುದಿಲ್ಲ. ಹೋಗುವುದು ಈ ಕೆಲಸವೊಂದೇ ಅಲ್ಲ, ಈ ಕಸುಬೇ.

ಅವಳು ಆ ಕಾಗದವನ್ನು ಮಗುಚಿ ಇಟ್ಟಳು. ಆಮೇಲೆ ಹೇಳಿದಳು: “ನಾ ನೋಡದ ಒಂದ್ ಡಬ್ಬಿನೂ ಹೊರಗ ಹೋಗಂಗಿಲ್ಲ ಅಂತ ನಮ್ಮ ಮನ್ಯಾಗ ಎಲ್ಲಾರ ಮುಂದ ಹೇಳೀನ್ರಿ ಸರ.”

ನನಗೆ ಸಿಟ್ಟು ಬಂತು. ಆಡಿಟರ್ ಆದವನಿಗೆ ಸಿಟ್ಟು ಬರಬಾರದೆಂದು ಬ್ಯಾಂಕಿನಲ್ಲಿ ಪಾಠ ಮಾಡಿದವನೇ ನಾನು. ಆದರೂ ಬಂತು. ನಾನು ಹೇಳುವವರೆಗೆ ಸಹಿ ಮಾಡಬೇಡ ಎಂದು ಹೇಳಿ ಪ್ಯಾಕಿಂಗ್ ಹಾಲ್‌ಗೆ ನಡೆದೆ.

ಪ್ಯಾಕಿಂಗ್ ಸೂಪರ್‌ವೈಸರ್ ನಸ್ರೀನ್. ನಲವತ್ತರ ಆಸುಪಾಸಿನ ಹೆಂಗಸು. ಕೈಕೆಳಗಿನ ಹುಡುಗಿಯರಲ್ಲಿ ಕೆಲವರೊಂದಿಗೆ ದಖನಿ ಉರ್ದುವಿನಲ್ಲಿ, ಉಳಿದವರೊಂದಿಗೆ ಕನ್ನಡದಲ್ಲಿ ಒಂದೇ ಉಸಿರಿನಲ್ಲಿ ಗದರುತ್ತಿದ್ದರು. ಶಿವಲೀಲಾ ಕೀಲಿ ಕೊಟ್ಟು ಹೋಗುತ್ತಿದ್ದದ್ದು ಇವರ ಬಳಿಯೇ. ಕೆಲಸ ಹೇಗೆ ನಡೆಯುತ್ತದೆ, ತೋರಿಸಿ ಎಂದೆ. ತೋರಿಸಿದರು. ಬ್ಯಾಚ್ ನಂಬರ್ ಹಾಕಬೇಕು, ಅಪ್ರೂವ್ ಒತ್ತಬೇಕು, ಪಕ್ಕದ ಪ್ರಿಂಟರಿನಿಂದ ಡಬ್ಬಕ್ಕೆ ಅಂಟಿಸುವ ಲೇಬಲ್ ಹೊರಬರುತ್ತದೆ.

“ಅಪ್ರೂವ್ ಅಂದ್ರೆ ಏನಮ್ಮ?”

“ಲೇಬಲ್ ಬರೋ ಬಟನ್ ಸರ್. ಅದ್ ಒತ್ತಿಲ್ಲ ಅಂದ್ರೆ ಲೇಬಲ್ ಬರಲ್ಲ, ಲೇಬಲ್ ಇಲ್ದೆ ಗಾಡಿ ಹೋಗಲ್ಲ.”

ಹಾಲಿನಲ್ಲಿದ್ದ ಇನ್ನೂ ಕೆಲವರನ್ನು ಕೇಳಿದೆ. ಅದೇ ಉತ್ತರ. ಸಾಫ್ಟ್‌ವೇರ್ ಬಂದಾಗ ಅರ್ಧ ದಿನ ಟ್ರೈನಿಂಗ್ ಆಗಿತ್ತಂತೆ. ಪರದೆಯ ಮೇಲೆ ಇಂಗ್ಲಿಷ್, ಮುಂದಿನ ಸಾಲಿನಲ್ಲಿ ಎಂ.ಡಿ. ಸಾರ್. ಅವರೆದುರು ಇದೇನು ಪದ ಎಂದು ಕೇಳಿದರೆ ದಡ್ಡರೆಂದುಕೊಂಡಾರು ಎಂದು ಎಲ್ಲರೂ ತಲೆಯಾಡಿಸಿದ್ದರು. ಪದದ ಅರ್ಥವನ್ನು ಆಮೇಲೆ ತಾವೇ ಯಂತ್ರ ನೋಡಿ ಕಲಿತರು. ಒತ್ತಿದರೆ ಲೇಬಲ್ ಬರುತ್ತದೆ. ಅಂದಮೇಲೆ ಅದು ಲೇಬಲ್ ಬಟನ್. ಅವರ ತರ್ಕದಲ್ಲಿ ಏನೂ ದೋಷವಿರಲಿಲ್ಲ.

“ಆ ಬ್ಯಾಚಿನ ದಿನ ಒತ್ತಿದ್ದು ಯಾರು?” ಎಂದೆ. ನಸ್ರೀನ್ ತಲೆಯ ಕ್ಯಾಪ್ ಸರಿಮಾಡಿಕೊಂಡು ಪ್ರಿಂಟರಿನ ಕಡೆ ತಿರುಗಿದರು. ನಾನು ಮತ್ತೆ ಕೇಳಲಿಲ್ಲ.

ಮಧ್ಯಾಹ್ನ ಎಂ.ಡಿ. ಕೋಣೆಯಲ್ಲಿ ಮೀಟಿಂಗ್. ಗಿರೀಶ್, ಶಿವಲೀಲಾ, ನಾನು. ನನ್ನ ಕೋರಿಕೆಯ ಮೇರೆಗೆ ನಸ್ರೀನ್. ಗಿರೀಶ್ ಲಾಗ್ ಓದಿ ಮುಗಿಸಿ, “ಶಿವಲೀಲಾ ಸೈನ್ ಮಾಡಿದ್ರೆ ಇವತ್ತೇ ಕಸ್ಟಮರ್‌ಗೆ ಕಳಿಸಬಹುದು ಸಾರ್,” ಎಂದರು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಸ್ರೀನ್ ಎದ್ದು ನಿಂತರು.

“ನಾನೇ ಒತ್ತಿದ್ದು ಸರ್. ಗಾಡಿ ಗೇಟಲ್ಲಿ ನಿಂತಿತ್ತು. ಬೇಗ ಅಪ್ರೂವ್ ಮಾಡಿ ಕಳ್ಸಮ್ಮ ಅಂತ ಗಿರೀಶ್ ಸರ್ ಅಂದ್ರು, ಒತ್ತಿದೆ. ಟೆಸ್ಟ್ ಆಗಿರುತ್ತೆ ಅಂದ್ಕೊಂಡೆ. ಈ ಹುಡ್ಗಿ ಊರಲ್ಲಿದ್ಲು. ಇವಳನ್ನ ಕಳಿಸೋದಾದ್ರೆ ನನ್ನನ್ನೂ ಕಳಿಸಿ.”

ಗಿರೀಶ್ ಮುಖ ಕೆಂಪಾಯಿತು. ಆದರೆ ರಂಗನಾಥ್ ತಿರುಗಿದ್ದು ಹೆಂಗಸರ ಕಡೆಗೆ.

“ಅಲ್ಲಮ್ಮಾ, ಪಾಸ್‌ವರ್ಡ್ ಅಂದ್ರೆ ನಿನ್ನ ಸಹಿ ಇದ್ದ ಹಾಗೆ. ಅದನ್ನ ಯಾರಾದ್ರೂ ಇನ್ನೊಬ್ಬರ ಕೈಗೆ ಕೊಟ್ಟು ಊರಿಗೆ ಹೋಗ್ತಾರಾ? ಓದಿದವಳಲ್ವಾ ನೀನು?”

ಆಗ ನಾನು ಕೇಳಿದೆ: “ಸರ್, ನಿಮ್ಮ ಡಿಜಿಟಲ್ ಸಿಗ್ನೇಚರ್ ಎಲ್ಲಿದೆ?”

ಇದೂ ಒಂದು ಪದ. ಕಂಪನಿಯ ನಿರ್ದೇಶಕರು ಸರ್ಕಾರಕ್ಕೆ ಸಲ್ಲಿಸುವ ಕಾಗದಗಳಿಗೆ ಈಗ ಪೆನ್ನಿನಲ್ಲಿ ಸಹಿ ಮಾಡುವುದಿಲ್ಲ. ಹೆಬ್ಬೆರಳಿನಷ್ಟು ದೊಡ್ಡ ಒಂದು ಡಾಂಗಲ್ ಇರುತ್ತದೆ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಪಿನ್ ಒತ್ತಿದರೆ, ಕಾನೂನಿನ ಪ್ರಕಾರ ನಿರ್ದೇಶಕರೇ ಕೂತು ಸಹಿ ಹಾಕಿದಂತೆ.

“ಅಕೌಂಟ್ಸ್ ರಾಘು ಡ್ರಾಯರ್‌ನಲ್ಲಿದೆ. ಯಾಕೆ?”

“ಪಿನ್?”

ರಂಗನಾಥ್ ಉತ್ತರ ಕೊಡಲು ಹೊರಟವರು ನಡುವೆಯೇ ನಿಂತರು. “ಅದೂ... ಅವನ ಹತ್ರಾನೇ.”

“ಅವನು ಯಾವುದಕ್ಕೆ ಸಹಿ ಹಾಕ್ತಾನೆ, ನೀವು ನೋಡ್ತೀರಾ ಸರ್?”

ಗಿರೀಶ್ ಮಧ್ಯೆ ಬಂದು, “ಅದು ಬೇರೆ ವಿಷಯ ಸಾರ್, ಎಲ್ಲಾ ಕಂಪನಿಲೂ ಹಂಗೇ...” ಎನ್ನತೊಡಗಿದರು.

“ಬೇರೆ ಏನಿಲ್ಲ ಬಿಡ್ರೀ,” ಎಂದರು ರಂಗನಾಥ್. ಮೇಜಿನ ಆಚೆಯಿಂದ ಕೈ ಚಾಚಿ, “ಆ ಕಾಗದ ಇಲ್ಲಿ ಕೊಡಮ್ಮ,” ಎಂದು ಶಿವಲೀಲಾಳಿಂದ ಅದನ್ನು ಇಸಿದುಕೊಂಡು, ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಆಮೇಲೆ ಫೋನ್ ಎತ್ತಿ ರಾಘುವಿಗೆ ಡಾಂಗಲ್ ತೆಗೆದುಕೊಂಡು ಬರಲು ಹೇಳಿದರು. ಮನುಷ್ಯನಿಗೆ ಸಿಡುಕು ಇತ್ತು, ಆದರೆ ತನ್ನನ್ನು ಹೊರತು ಮಾಡಿ ನ್ಯಾಯ ಹೇಳುವ ಗುಣ ಇರಲಿಲ್ಲ. ಅದಕ್ಕೆ ನಾನು ಇಂದಿಗೂ ಅವರನ್ನು ಗೌರವಿಸುತ್ತೇನೆ.

ನನ್ನ ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ. ಪರೀಕ್ಷೆಯ ಫಲಿತಾಂಶ ತುಂಬದೆಯೇ ಅಪ್ರೂವ್ ಒತ್ತಲು ಪರದೆ ಬಿಡುತ್ತದೆ. ಇನ್‌ಸ್ಪೆಕ್ಟರ್ ರಜೆ ಹೋದರೆ ಬದಲಿ ಯಾರೂ ಇಲ್ಲ. ರಜೆ ಹೋದವರು ಕೀಲಿ ಕೊಟ್ಟು ಹೋಗಲೇಬೇಕಾದ ಸ್ಥಿತಿಯನ್ನು ಕಾರ್ಖಾನೆಯೇ ಮಾಡಿಟ್ಟಿದೆ. ಮೂಲ ಕಾರಣ ಇದು ಎಂದು ಬರೆದೆ. ಆಸ್ಪತ್ರೆಯವರು ಗೊಣಗಿದರು, ಬಂದು ಕಾರ್ಖಾನೆ ನೋಡಿಕೊಂಡು ಹೋದರು, ತಡವಾಗಿಯಾದರೂ ಮತ್ತೆ ಮಾಲು ತರಿಸಿಕೊಂಡರು. ಗಿರೀಶ್ ಮಾತ್ರ ನನ್ನೊಂದಿಗೆ ಆಮೇಲೆ ಮುಖ ಕೊಟ್ಟು ಮಾತಾಡಲಿಲ್ಲ.

ಹಾಲಿನ ಗೋಡೆಗೆ ಕನ್ನಡದಲ್ಲಿ ಒಂದು ಬೋರ್ಡು ಹಾಕಿಸಿದೆ. ಪದಗಳ ಅನುವಾದ ಬೇಡ ಎಂದಿದ್ದೆ. ‘ಅಪ್ರೂವ್’ಗೆ ‘ಅನುಮೋದನೆ’ ಎಂದು ಬರೆದರೆ ಒಂದು ಕಗ್ಗಂಟು ಹೋಗಿ ಇನ್ನೊಂದು ಬಂತು, ಅಷ್ಟೆ. ಪ್ರತಿ ಬಟನ್ ಒತ್ತಿದಾಗ ನಾನು ಏನು ಹೇಳಿದ ಹಾಗಾಯಿತು ಎಂದು ಬರೆಸಿದೆ. ಅಪ್ರೂವ್‌ನ ಎದುರಿಗೆ ‘ನಾನೇ ಪರೀಕ್ಷೆ ಮಾಡಿದ್ದೇನೆ, ಸೋರುವುದಿಲ್ಲ, ರೋಗಿಗೆ ಹಾಕಬಹುದು’ ಎಂದಿತ್ತು. ಅದನ್ನು ಓದಿ ನಸ್ರೀನ್, “ಇದ್ ಮೊದ್ಲೇ ಗೊತ್ತಿದ್ರೆ ಅವತ್ತು ಗಾಡಿ ಗೇಟಲ್ಲೇ ನಿಂತಿರ್ತಿತ್ತು ಸರ್,” ಎಂದರು.

ನನ್ನ ಕಸುಬು ಕಲಿಸಿದ ಪಾಠ ಅದೇ. ಕಚೇರಿಯ ಹೊಸ ಪದ ಎದುರಾದಾಗ ಅದರ ಅರ್ಥವೇನು ಎಂದು ಕೇಳಿದರೆ ಸಾಲದು. ಅದನ್ನು ಒತ್ತಿದರೆ, ಅದಕ್ಕೆ ಸಹಿ ಹಾಕಿದರೆ ನಾನು ಯಾರಿಗೆ ಏನೆಂದು ಮಾತು ಕೊಟ್ಟ ಹಾಗಾಯಿತು ಎಂದು ಕೇಳಬೇಕು. ಎಂ.ಡಿ. ಎದುರಿಗೇ ಕೇಳಬೇಕು.

ಕೆಲವು ತಿಂಗಳ ನಂತರ ಮರುಪರಿಶೀಲನೆಗೆಂದು ಹೋದಾಗ ರಂಗನಾಥರೇ ನನ್ನನ್ನು ಟೆಸ್ಟಿಂಗ್ ಕೋಣೆಗೆ ಕರೆದುಕೊಂಡು ಹೋದರು. ಗೇಟಿನಲ್ಲಿ ಲಾರಿ ಹಾರ್ನ್ ಹೊಡೆಯುತ್ತಿತ್ತು. ಶಿವಲೀಲಾ ಅವಸರವಿಲ್ಲದೆ ಕೊನೆಯ ಕೊಳವೆಯನ್ನು ನೀರಿನಿಂದ ತೆಗೆದು, ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ನಾವಿಬ್ಬರೂ ಅವಳ ಬೆನ್ನ ಹಿಂದೆ ನಿಂತು, ಪಾಸ್‌ವರ್ಡ್ ಕೇಳುತ್ತಿದ್ದ ಪರದೆ ನೋಡುತ್ತಿದ್ದೆವು. ಅವಳು ಕೀಬೋರ್ಡಿನ ಮೇಲೆ ಕೈಯಿಟ್ಟು, ಒತ್ತದೆ, ನಮ್ಮ ಕಡೆ ತಿರುಗಿದಳು.

“ಸರ, ಇಬ್ರೂ ಒಂದೀಟು ಆ ಕಡೆ ನೋಡ್ರಿ.”

ಸಿಸ್ಟಮ್ಸ್ ಆಡಿಟರೂ ಕಂಪನಿಯ ಮಾಲೀಕರೂ ಮರುಮಾತಿಲ್ಲದೆ ಗೋಡೆಯ ಕಡೆ ತಿರುಗಿ ನಿಂತೆವು.