ಹರಿವಾಣದ ಮುಂದೆ ನವ್ವಾಶ್

ಶುಕ್ರವಾರ ಬೆಳಿಗ್ಗೆ ನವ್ವಾಶ್ ಅಂಗಡಿಯ ಕಬ್ಬಿಣದ ಬಾಗಿಲನ್ನು ಅರ್ಧ ಮಾತ್ರ ಎತ್ತಿ ಒಳಗೆ ನುಸುಳಿದ. ಕರಕ್ ಕೋಟೆಯ ಕೆಳಬೀದಿಯಲ್ಲಿ ಅವನದು ಕುರಿಮೇವಿನ ಅಂಗಡಿ. ಅಂದು ವ್ಯಾಪಾರವಿರಲಿಲ್ಲ. ಚಪ್ಪಲಿ ಬಿಚ್ಚಿ, ಬೀಗದ ಕೈಗೊಂಚಲು ಪಕ್ಕಕ್ಕಿಟ್ಟು, ಬಾರ್ಲಿ ಮೂಟೆ ತೂಗುವ ಯಂತ್ರದ ಮೇಲೆ ಹತ್ತಿ ನಿಂತ. ತೊಂಬತ್ತೆಂಟು ಕಿಲೋ ಮುನ್ನೂರು ಗ್ರಾಂ. ಇಳಿದು, ಮತ್ತೆ ಹತ್ತಿದ. ಅಷ್ಟೇ.

ಭಾನುವಾರ ರಾಜಧಾನಿ ಅಮ್ಮಾನಿನ ಆಸ್ಪತ್ರೆಯಲ್ಲಿ ಅವನ ತೂಕ ತೊಂಬತ್ತೆಂಟಕ್ಕಿಂತ ಮೇಲಿರಕೂಡದು. ಅಕ್ಕ ತರ್ಫಾಳ ಎರಡೂ ಮೂತ್ರಪಿಂಡ ಕೆಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ರಕ್ತ ಸೋಸುವ ಯಂತ್ರಕ್ಕೆ ಕೈಯೊಡ್ಡಿ ಮಲಗುತ್ತಿದ್ದಳು. ಸೂಜಿ ಚುಚ್ಚಲು ನರ ಸಿಗುವುದೇ ಈಗ ಕಷ್ಟ. ತಮ್ಮನದು ಹೊಂದುತ್ತದೆ ಎಂದು ಪರೀಕ್ಷೆ ಹೇಳಿತ್ತು. ಆದರೆ ನೂರ ಹನ್ನೆರಡು ಕಿಲೋ ತೂಗುವ, ರಕ್ತದೊತ್ತಡವಿರುವ ಮನುಷ್ಯನಿಂದ ಮೂತ್ರಪಿಂಡ ತೆಗೆಯಲು ಸಮಿತಿ ಒಪ್ಪುವುದಿಲ್ಲ ಎಂದು ಡಾಕ್ಟರು ಖಚಿತವಾಗಿ ಹೇಳಿದ್ದರು.

ಹನ್ನೊಂದು ವಾರದಲ್ಲಿ ಹದಿನಾಲ್ಕು ಕಿಲೋ ಹತ್ತಿರ ಇಳಿದದ್ದು ಹೆಂಡತಿ ಫಿದ್ದಾಳ ಹಟದಿಂದ. ಬೆಳಿಗ್ಗೆ ಒಂದು ಬೇಯಿಸಿದ ಮೊಟ್ಟೆ, ಸೌತೆಕಾಯಿ, ಅರ್ಧ ರೊಟ್ಟಿ. ಮಧ್ಯಾಹ್ನ ಹಸಿಗೋಧಿಯ ಅನ್ನ ಒಂದು ಬಟ್ಟಲು, ಜೊತೆಗೆ ಬೆಟ್ಟದಿಂದ ಕಿತ್ತು ತಂದ ಸೊಪ್ಪು. ಸಂಜೆ ಮಸೂರ ಬೇಳೆಯ ಸಾರು. ಚಹಾಕ್ಕೆ ಸಕ್ಕರೆ ಇಲ್ಲ. ಮೊದಲು ಲೋಟಕ್ಕೆ ಮೂರು ಚಮಚ ಬೀಳುತ್ತಿತ್ತು. ಊಟವಾದ ಮೇಲೆ ಕೋಟೆಯ ಏರು ಹತ್ತಿ ಇಳಿಯಬೇಕು.

"ಕುರಿಗೆ ಹಾಕೋದನ್ನೇ ನನಗೂ ಹಾಕ್ತಿದೀಯ" ಎಂದು ಅವನು ಮೊದಲ ವಾರ ಗೊಣಗಿದ್ದ.

"ಕುರಿ ಆದ್ರೆ ಸುಮ್ನೆ ತಿನ್ನುತ್ತೆ, ಅಬು ಹಾಬಿಸ್. ನಿಮ್ಮ ಥರ ಮಾತಾಡಲ್ಲ" ಎಂದಿದ್ದಳು ಅವಳು. ಮಗ ಹಾಬಿಸ್‌ನ ಅಪ್ಪನೆಂದು ಊರೆಲ್ಲ ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ.

ಮನೆಯೊಳಗೆ ಎಲ್ಲ ಸರಿಯಿತ್ತು. ಕಷ್ಟವಿದ್ದದ್ದು ಹೊರಗೆ. ತಂದೆ ಸತ್ತ ಮೇಲೆ ಮನೆತನದ ಹಿರಿಯ ತೊಡುವ ಕಂದು ನಿಲುವಂಗಿ ನವ್ವಾಶನ ಹೆಗಲಿಗೆ ಬಂದಿತ್ತು. ಮದುವೆ, ಸಾವು, ಜಗಳದ ರಾಜಿ, ಎಲ್ಲಿಗೇ ಆಗಲಿ ಇಡೀ ಮನೆತನದ ಪರವಾಗಿ ಹೋಗಿ ಹರಿವಾಣದ ಮುಂದೆ ನಿಲ್ಲುವವನು ಅವನೇ. ವಾರಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಮನ್ಸಫ್: ತೆಳುರೊಟ್ಟಿಯ ಮೇಲೆ ಅನ್ನದ ಗುಡ್ಡೆ, ಅದರ ಮೇಲೆ ಕುರಿಮಾಂಸ, ಮೇಲಿಂದ ಸುರಿಯುವ ಉಪ್ಪುಮೊಸರಿನ ಬಿಸಿ ಸಾರು. ಅವನು ಉಣ್ಣದಿದ್ದರೆ ಮನೆತನವೇ ಉಣ್ಣಲಿಲ್ಲವೆಂದು ಲೆಕ್ಕ.

ಡಾಕ್ಟರು ಬೇಡ ಅಂದಿದ್ದಾರೆ ಎಂದು ಒಮ್ಮೆ ಒಂದು ಮದುವೆಮನೆಯಲ್ಲಿ ಹೇಳಿಯೂ ನೋಡಿದ್ದ. "ಈ ಕುರಿಗೆ ಬಾರ್ಲಿ ಮಾರಿದೋನು ನೀನೇ ಅಲ್ವಾ? ಈಗ ಅದರ ಮಾಂಸದಲ್ಲಿ ವಿಷ ಇದೆ ಅಂತೀಯಾ?" ಎಂದು ಆ ಮನೆಯಾತ ನಾಲ್ಕು ಜನರೆದುರು ನಕ್ಕಿದ್ದ.

ನಿಜ ಹೇಳಿಬಿಟ್ಟರೆ ಯಾರೂ ಒತ್ತಾಯಿಸುತ್ತಿರಲಿಲ್ಲ. ಆದರೆ ತರ್ಫಾ ಅವನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ಯಾರಿಗೂ ಹೇಳಬಾರದೆಂದು ಆಣೆ ಮಾಡಿಸಿದ್ದಳು. ಅವಳಿಗೆ ಬೆಳೆದ ಗಂಡುಮಕ್ಕಳಿಬ್ಬರು. ಚಿಕ್ಕವನು ಪರೀಕ್ಷೆಗೇ ಬರಲಿಲ್ಲ. ದೊಡ್ಡವನು ಶಬೀಬ್ ಎರಡು ಪರೀಕ್ಷೆ ಮಾಡಿಸಿ, ಮೂರನೆಯದಕ್ಕೆ ಹೋಗದೆ ಉಳಿದ. "ಸೋದರಮಾವ ಕೊಟ್ಟ ಅಂತ ಗೊತ್ತಾದ್ರೆ ಮಕ್ಕಳು ಯಾಕೆ ಕೊಡಲಿಲ್ಲ ಅಂತ ಊರು ಕೇಳುತ್ತೆ. ನಾನು ಹೆತ್ತ ಮಕ್ಕಳ ಮುಖಕ್ಕೆ ಮಸಿ ಬಳೀಬೇಡ, ತಮ್ಮಾ" ಎಂದಿದ್ದಳು. ಆಪರೇಷನ್ ಆದ ಮೇಲೆ, ಯಾರೋ ಸತ್ತವರದು ಸಿಕ್ಕಿತು ಎಂದು ಹೇಳುವುದೆಂದು ಮಾತಾಗಿತ್ತು.

ಹಾಗಾಗಿ ಅವನು ಉಪಾಯ ಕಂಡುಕೊಂಡಿದ್ದ. ಎಡಗೈ ಬೆನ್ನ ಹಿಂದೆ, ಬಲಗೈಯಲ್ಲಿ ಅನ್ನದ ಉಂಡೆ ಕಟ್ಟುತ್ತಲೇ ಇರುವುದು. ಮಾಂಸ ಬಿಡಿಸಿ ಬಿಡಿಸಿ ಅಕ್ಕಪಕ್ಕದವರ ಮುಂದೆ ಸರಿಸುವುದು. ಕೊಡುಗೈ ಮನುಷ್ಯ ಎಂಬ ಹೆಸರೇ ಬಂತು.

ಆ ಶುಕ್ರವಾರ ಅಬು ಮುತೈಬನ ಮಗನ ಮದುವೆ. ಪ್ರಾರ್ಥನೆ ಮುಗಿಸಿ ಗಂಡಸರೆಲ್ಲ ಡೇರೆಯಲ್ಲಿ ಸೇರಿದರು. ನವ್ವಾಶನ ಹರಿವಾಣಕ್ಕೆ ಆರು ಜನ, ಎದುರಿಗೆ ಶಬೀಬ್. ಅಬು ಮುತೈಬ್ ಸಾರಿನ ಹೂಜಿ ಹಿಡಿದು ಒಂದೊಂದೇ ಹರಿವಾಣಕ್ಕೆ ಸುರಿಯುತ್ತ ಬಂದವನು ನವ್ವಾಶನ ಹಿಂದೆ ನಿಂತ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಅಬು ಹಾಬಿಸ್, ನಿನ್ನ ಕೈ ಆಡ್ತಿದೆ. ಬಾಯಿ ಆಡ್ತಿಲ್ಲ."

"ಆಯ್ತಪ್ಪ, ಹೊಟ್ಟೆ ತುಂಬ್ತು. ದೇವರು ಹೆಚ್ಚಿಸಲಿ."

"ಗಾಳೀಲಿ ತುಂಬ್ತಾ? ಹೋದ ತಿಂಗಳು ನನ್ನ ಅಣ್ಣನ ಮನೇಲೂ ಹಿಂಗೇ ಮಾಡ್ದೆ ಅಂತೆ. ನಮ್ಮ ಮೇಲೆ ಏನಾದ್ರೂ ಇದ್ರೆ ಹೇಳು."

"ಏನೂ ಇಲ್ಲ, ನಿನ್ನ ಮಗನ ಆಣೆ."

"ಹಾಗಾದ್ರೆ ತಿನ್ನು." ಅಬು ಮುತೈಬ್ ಕುರಿತಲೆಯಿಂದ ನಾಲಿಗೆ ಕಿತ್ತು, ತೊಡೆಯ ದೊಡ್ಡ ತುಂಡೊಂದರ ಜೊತೆ ಅವನ ಮುಂದಿಟ್ಟು, ಮೇಲೆ ಹೂಜಿ ಬಗ್ಗಿಸಿದ. ಆಮೇಲೆ ಡೇರೆಗೆಲ್ಲ ಕೇಳುವಂತೆ ಹೇಳಿದ: "ಇದನ್ನ ತಿಂದು ಮುಗಿಸದೆ ನೀನು ಇಲ್ಲಿಂದ ಕಾಲು ತೆಗೆದ್ರೆ ನನ್ನ ಹೆಂಡತಿಗೆ ತಲಾಖ್!"

ಅಕ್ಕಪಕ್ಕದ ಹರಿವಾಣಗಳಲ್ಲಿ ಕೈಗಳು ನಿಂತವು. ಈ ಆಣೆಯನ್ನು ಆ ಊರಿನಲ್ಲಿ ಉಪ್ಪಿನಷ್ಟು ಧಾರಾಳವಾಗಿ ಬಳಸುತ್ತಾರೆ. ಆದರೆ ಬಳಸಿದ ಮೇಲೆ ಅದನ್ನು ಮೀರಿ ನಡೆದವರಿಲ್ಲ. ಅಬು ಮುತೈಬನ ಹೆಂಡತಿ ಆ ಹೊತ್ತಿಗೆ ಹೆಂಗಸರ ಡೇರೆಯಲ್ಲಿ ಸೊಸೆಯ ಪಕ್ಕ ಕುಳಿತಿದ್ದಳು.

ನವ್ವಾಶ್ ಕಣ್ಣೆತ್ತಿ ಶಬೀಬನನ್ನು ನೋಡಿದ. ಆ ಡೇರೆಯಲ್ಲಿ ವಿಷಯ ಗೊತ್ತಿದ್ದವನು ಅವನೊಬ್ಬನೇ. ಒಂದು ಮಾತು ಸಾಕಿತ್ತು. ಶಬೀಬ್ ತಲೆ ತಗ್ಗಿಸಿ ಅನ್ನದಲ್ಲಿ ಬೆರಳಾಡಿಸತೊಡಗಿದ.

"ಮಾವ, ತಿನ್ನಿ" ಎಂದ, ಬಹಳ ಮೆಲ್ಲಗೆ.

ನವ್ವಾಶ್ ತಿಂದ. ನಾಲಿಗೆ, ತೊಡೆ, ಕೆಳಗಿನ ಸಾರು ಕುಡಿದ ರೊಟ್ಟಿ. ಹನ್ನೊಂದು ವಾರದ ಬಳಿಕ ರುಚಿ ಬಾಯಲ್ಲಿ ಹರಡಿದಾಗ ಕೈ ತಾನಾಗಿಯೇ ಇನ್ನೊಂದು ತುಂಡಿಗೆ ಹೋಯಿತು. ಅದಕ್ಕಾಗಿ ಅವನು ಅಬು ಮುತೈಬನಿಗಿಂತ ಹೆಚ್ಚಾಗಿ ತನ್ನನ್ನೇ ಬೈದುಕೊಂಡ. "ಈಗ ನೀನು ನಿಮ್ಮಪ್ಪನ ಮಗ!" ಎಂದು ಅಬು ಮುತೈಬ್ ಬೆನ್ನು ತಟ್ಟಿದ. ಶಬೀಬ್ ಕಾಫಿಗೂ ನಿಲ್ಲದೆ ಹೊರಟುಹೋಗಿದ್ದ.

ಶನಿವಾರವಿಡೀ ಬೇಳೆಯ ತಿಳಿ, ಕೋಟೆಯ ಏರು ಮೂರು ಸಲ. ಉಪ್ಪು ಹಿಡಿದಿಟ್ಟ ನೀರು ಇಳಿಯಲಿಲ್ಲ. ಭಾನುವಾರ ಆಸ್ಪತ್ರೆಯ ಯಂತ್ರ ತೊಂಬತ್ತೊಂಬತ್ತು ಕಿಲೋ ನೂರು ಗ್ರಾಂ ತೋರಿಸಿತು. ರಕ್ತದೊತ್ತಡವೂ ಏರಿತ್ತು. "ಸಮಿತಿ ಮತ್ತೆ ಸೇರೋದು ಆರು ವಾರಕ್ಕೆ. ಅಲ್ಲೀವರೆಗೆ ಹೊರಗೆ ಊಟ ಮಾಡ್ಬೇಡಿ" ಎಂದರು ಡಾಕ್ಟರು, ಅದೇನೋ ಸುಲಭದ ಮಾತೆಂಬಂತೆ.

ತರ್ಫಾ ಫೋನಿನಲ್ಲಿ ಬೈಯಲಿಲ್ಲ. "ಆರು ವಾರ ತಾನೆ" ಎಂದಳು. ಆಮೇಲೆ, "ಬಲಗೈ ನರ ಇವತ್ತು ಮುಗೀತು. ಇನ್ನು ಕುತ್ತಿಗೇಲಿ ನಳಿಕೆ ಹಾಕ್ತಾರಂತೆ" ಎಂದಳು.

ಆ ಸಂಜೆ ನವ್ವಾಶ್ ಕಂದು ನಿಲುವಂಗಿ ಮಡಚಿ ಚಿಕ್ಕಪ್ಪನ ಮಗ ಹಮ್ದಾನನ ಮನೆಗೆ ಒಯ್ದ. ಹಮ್ದಾನ್ ಅದನ್ನು ಕೈಯಲ್ಲಿ ಹಿಡಿದು ಹೊರಳಿಸಿ ನೋಡಿದ.

"ಯಾಕೆ? ಯಾರ ಜೊತೆ ಜಗಳ?"

"ಯಾರ ಜೊತೇನೂ ಇಲ್ಲ. ನನಗೆ ಸಾಕಾಯ್ತು."

"ಜನ ಏನಂತಾರೆ ಗೊತ್ತಾ? ಅಬು ಹಾಬಿಸ್ ಜಿಪುಣ ಆದ, ಜನರ ಮನೇಲಿ ಉಂಡರೆ ತಿರುಗಿ ಹಾಕ್ಬೇಕಾಗುತ್ತೆ ಅಂತ ಹೆದರಿದ ಅಂತಾರೆ. ನಾಳೆ ಹಾಬಿಸ್‌ಗೆ ಹೆಣ್ಣು ಕೇಳೋಕೆ ಹೋದಾಗ ನಿನ್ನ ಹಿಂದೆ ಯಾರು ಬರ್ತಾರೆ?"

"ಅಂದುಕೊಳ್ಳಲಿ" ಎಂದ ನವ್ವಾಶ್. ಬೇರೇನೂ ಹೇಳದಂತೆ ಅವನ ಮೇಲೆ ಅಕ್ಕನ ಆಣೆಯಿತ್ತು.

ಮುಂದಿನ ಶುಕ್ರವಾರ ಮಜಾರ್ ಊರಿನ ಮದುವೆಗೆ ಮನೆತನದ ಪರವಾಗಿ ಕಂದು ನಿಲುವಂಗಿ ತೊಟ್ಟು ಹಮ್ದಾನ್ ಹೋದ.