ಬರಿಗಾಲಿನ ಗುನ್ಹೆ

ಕೊಲ್ಹಾಪುರದ ವಿಮಾನ ನಿಲ್ದಾಣದಲ್ಲಿ ನೌಕರಿ ಎಂದರೆ ನಮ್ಮ ಕಡೆಯ ಜನರ ಕಣ್ಣು ದೊಡ್ಡದಾಗುತ್ತದೆ. ಗಡಹಿಂಗ್ಲಜದಲ್ಲಿರುವ ನನ್ನ ಸೋದರಮಾವ ನಾನು ದಿನಾ ವಿಮಾನದಲ್ಲೇ ಓಡಾಡುತ್ತೇನೆಂದು ಇವತ್ತಿಗೂ ನಂಬಿದ್ದಾನೆ. ನಾನು ಮಾಡುತ್ತಿದ್ದದ್ದು ಹಮಾಲಿ. ವಿಮಾನ ಬಂದು ನಿಂತ ಕೂಡಲೇ ಗಾಲಿಗೆ ಅಡ್ಡಗಟ್ಟೆ ಇಡುವುದು, ಏಣಿ ತಳ್ಳಿಕೊಂಡು ಹೋಗಿ ಬಾಗಿಲಿಗೆ ಹಚ್ಚುವುದು, ಅದರ ಹೊಟ್ಟೆಯೊಳಗೆ ಬಗ್ಗಿಕೊಂಡು ಹೊಕ್ಕು ಜನರ ಸೂಟಕೇಸು ಎಳೆದು ಗಾಡಿಗೆ ಹಾಕುವುದು. ನನಗೇನೂ ಅದರಲ್ಲಿ ನಾಚಿಕೆಯಿರಲಿಲ್ಲ. ನನ್ನಪ್ಪ ಇಚಲಕರಂಜಿಯಲ್ಲಿ ಆಯುಷ್ಯವೆಲ್ಲ ಪವರ್‌ಲೂಮಿನ ಮುಂದೆ ನಿಂತು ಕಿವಿ ಕಳೆದುಕೊಂಡವನು. ಅವನು ಜ್ವರ ಬಂದು ಮಲಗಿದರೆ ಆ ದಿನದ ಪಗಾರ ಹೋಯಿತು. ನನಗೆ ರಜೆ ಇತ್ತು, ಪಿಎಫ್ ಇತ್ತು, ಕಂಪನಿಯ ಹೆಸರು ಹೊಲಿದ ಅಂಗಿ ಇತ್ತು. ಆ ಅಂಗಿಯನ್ನು ನನ್ನ ಹೆಂಡತಿ ಮಕ್ಕಳಿಗೆ ಮುಟ್ಟಗೊಡುತ್ತಿರಲಿಲ್ಲ.

ಅಂಥದ್ದರಲ್ಲಿ ಒಂದು ದಿನ ಕಂಪನಿಯವರು ನಮ್ಮನ್ನೆಲ್ಲ ಕರೆದು ಚಹಾ ಕೊಟ್ಟರು. ಪುಕ್ಕಟೆ ಚಹಾ ಬಂದಾಗಲೇ ನಾವು ಹೆದರಬೇಕಿತ್ತು. ನೆಲದ ಮೇಲಿನ ಕೆಲಸವನ್ನೆಲ್ಲ ಇನ್ನು ಗುತ್ತಿಗೆಗೆ ಕೊಡುತ್ತಾರಂತೆ. ಬೇಕಾದವರು ಗುತ್ತಿಗೆದಾರನ ಹತ್ತಿರ ಹೊಸದಾಗಿ ಸೇರಬಹುದಂತೆ. ಹನ್ನೊಂದು ತಿಂಗಳ ಕರಾರು, ಹಳೆಯ ಸರ್ವಿಸು ಲೆಕ್ಕಕ್ಕಿಲ್ಲ. ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಕಬ್ಬ ಕಡಿಯೋ ಗ್ಯಾಂಗಿಗೆ ಮುಕಾದಮ ಇರ್ತಾನಲ್ರಿ, ಹಂಗ ವಿಮಾನಕ್ಕೂ ಒಬ್ಬ ಮುಕಾದಮ ಬಂದಾನ ಅನ್ರಿ," ಎಂದಳು.

ನಮ್ಮದೊಂದು ಸಣ್ಣ ಯೂನಿಯನ್ ಇತ್ತು. ಅದರ ಮುಂದಾಳು ಹುಪರಿಯಿಂದ ಬರುತ್ತಿದ್ದ ಕಾಕಾ. ಅವರ ಮನೆಯವರೆಲ್ಲ ಬೆಳ್ಳಿಯ ಕಾಲ್ಗೆಜ್ಜೆ ಮಾಡುವವರು. ಕೂತು ಮಾಡುವ ಕೆಲಸ ಒಗ್ಗುವುದಿಲ್ಲವೆಂದು ಇವರೊಬ್ಬರೇ ಹೊರಬಿದ್ದಿದ್ದರು. ನಮ್ಮೆಲ್ಲರಿಗಿಂತ ಹಿರಿಯರು, ದನಿ ಎತ್ತಿ ಮಾತಾಡಿದವರಲ್ಲ. ಆದರೆ ಕಂಪನಿಯ ಮ್ಯಾನೇಜರ್ ಸಾಹೇಬರು ಏನಾದರೂ ಹೇಳಿದರೆ ಕಾಕಾ ಸುಮ್ಮನೆ ಕೇಳಿಸಿಕೊಂಡು, ಕೊನೆಗೆ "ಅಂದ್ರ ಏನ್ರಿ ಸಾಹೇಬ್ರ?" ಎಂದು ಒಂದು ಪ್ರಶ್ನೆ ಹಾಕುತ್ತಿದ್ದರು. ಆ ಪ್ರಶ್ನೆಗೆ ಸಾಹೇಬರು ಬೆವರುತ್ತಿದ್ದರು. ಯಾರನ್ನೂ ಕೆಲಸದಿಂದ ಬಿಡಿಸಬಾರದು, ಹಳೆಯ ಸರ್ವಿಸು ಲೆಕ್ಕಕ್ಕೆ ಹಿಡಿಯಬೇಕು, ಇಷ್ಟೇ ನಮ್ಮ ಬೇಡಿಕೆ. ಮಾತುಕತೆಗೆ ದಿನ ಗೊತ್ತಾಗುತ್ತಿತ್ತು, ಆ ದಿನ ಸಾಹೇಬರು ಮುಂಬಯಿಯಲ್ಲಿರುತ್ತಿದ್ದರು. ಮುಂದಿನ ಸಲ ಅವರ ಹಲ್ಲು ನೋಯುತ್ತಿತ್ತು.

ಕೊನೆಗೆ ನಾವು ಬಂದ್ ಮಾಡಿದೆವು. ಅದೂ ಕಾಕಾನ ರೀತಿಯ ಬಂದ್. ಅಡ್ಡಗಟ್ಟೆ ಇಟ್ಟೆವು, ಏಣಿ ಹಚ್ಚಿದೆವು, ಮಂದಿ ಇಳಿದರು. ಸಾಮಾನು ಮಾತ್ರ ಮುಟ್ಟಲಿಲ್ಲ. ಸಾಹೇಬರು ಬಂದು ಮಾತಿಗೆ ಕೂಡುವ ತನಕ ಸೂಟಕೇಸು ವಿಮಾನದ ಹೊಟ್ಟೆಯಲ್ಲೇ ಇರಲಿ ಎಂದು ಸರಕಿನ ಗೇಟಿನ ಹತ್ತಿರ ಶೆಡ್ಡಿನ ನೆರಳಿಗೆ ಕೂತೆವು. ಒಳಗೆ ಪ್ರಯಾಣಿಕರು ಕೂಗಾಡುವುದು ಕೇಳಿಸುತ್ತಿತ್ತು. ನನಗೆ ಭಾಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಇವತ್ತು ಸಾಹೇಬರ ಹಲ್ಲುನೋವು ಬಿಡುತ್ತದೆ ಎಂದುಕೊಂಡೆ.

ಸಾಹೇಬರು ಬರಲಿಲ್ಲ. ಗೇಟಿನ ಜಾಳಿಗೆಯ ಆಚೆ ಒಬ್ಬ ಹಳ್ಳಿಯವನು ಬಂದು ನಿಂತ. ನಾವು ನಮ್ಮೊಳಗೆ ಕನ್ನಡ ಮಾತಾಡುವುದನ್ನು ಕೇಳಿ ಕೈಮುಗಿದ.

"ಅಣ್ಣಾರ, ನಾ ಗಡಹಿಂಗ್ಲಜ ಕಡ್ಯಾವ್ರಿ. ಆ ವಿಮಾನದಾಗ ನನ್ನ ತಮ್ಮ ಅದಾನ್ರಿ. ಹೈದರಾಬಾದಕ್ಕ ಗೌಂಡಿ ಕೆಲಸಕ್ಕ ಹೋಗಿದ್ದ, ಕಟ್ಟಡದ ಮ್ಯಾಲಿಂದ ಬಿದ್ದ ಸತ್ತಾನ್ರಿ. ಊರಾಗ ಮಂದಿ ಮುಂಜಾನಿಂದ ಕಾಯಾಕತ್ತಾರ. ಇಲ್ಲಿ ಸಾಹೇಬ್ರು, ಗೇಟಿನ ಹತ್ರ ಕುಂತಾರಲ್ಲ, ಅವರನ್ನ ಕೇಳ ಹೋಗು ಅಂದ್ರು."

ಕಾಕಾ ಎದ್ದರು. ನಾನು ಅವರ ಕೈ ಹಿಡಿದು ಪಕ್ಕಕ್ಕೆ ಎಳೆದೆ.

"ಕಾಕಾ, ಇದು ಸಾಹೇಬನ ಡಾವ ಐತಿ. ಹೆಣದ ಪೆಟಗಿ ಹಿಂದ ಇಟ್ಟಿರ್ತಾರ. ಮುಂದಿನ ಸಾಮಾನೆಲ್ಲಾ ತಗೀದ ಹೊರತು ಅದು ಹೊರಗ ಬರೂದಿಲ್ಲ. ನಮ್ಮ ಬಂದ್ ಮುಗದಂಗ ನೋಡ್ರಿ."

"ಗೊತ್ತೈತಿ," ಎಂದರು ಕಾಕಾ. "ಹೆಣಾ ಕಾಯಿಸಿ ನೌಕರಿ ಉಳಿಸ್ಕೊಂಡ್ರ ಆ ಪಗಾರದ ಅನ್ನ ಗಂಟಲದಾಗ ಇಳೀತೈತೇನು? ಏಳ್ರೋ."

ಎದ್ದೆವು. ಯಾರದೋ ಅತ್ತರಿನ ಬ್ಯಾಗು, ಯಾರದೋ ಹೊಸ ಟಿವಿ, ಮಾವಿನಹಣ್ಣಿನ ಡಬ್ಬಿ, ಎಲ್ಲವನ್ನೂ ಇಳಿಸಿದೆವು. ನಾನು ಹೇಳಿದಂತೆ ಪೆಟ್ಟಿಗೆ ಎಲ್ಲದರ ಹಿಂದೆಯೇ ಇತ್ತು. ಅದನ್ನು ಬಾಗಿಲಿಗೆ ತಂದಾಗ ಒಬ್ಬ ಹುಡುಗ ರೂಢಿಯಂತೆ ಸಾಮಾನಿನ ಗಾಡಿ ತಂದು ನಿಲ್ಲಿಸಿದ. ಕಾಕಾ ಬೇಡವೆಂದು ಕೈ ಮಾಡಿದರು. "ಟಿವಿ ಹಾಕಿದ ಗಾಡೀಗೆ ಅವನ್ನ ಹಾಕೂದ ಬ್ಯಾಡ. ಹೆಗಲು ಕೊಡೂಣು," ಎಂದು ಅಲ್ಲೇ ಬಗ್ಗಿ ಬೂಟಿನ ಲೇಸು ಬಿಚ್ಚಿದರು. ನಮ್ಮಲ್ಲಿ ಹೆಣಕ್ಕೆ ಹೆಗಲು ಕೊಡುವವನು ಕಾಲಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. "ನೀವೂ ಬಿಡ್ರಿ," ಎಂದರು, ಬಿಟ್ಟೆವು. ಆ ಬಿಸಿಲಿಗೆ ಡಾಂಬರು ಕಾದ ಹಂಚಿನಂತಾಗಿತ್ತು. ಗೇಟಿನ ತನಕ ನಡೆಯುವುದರೊಳಗೆ ನನ್ನ ಅಂಗಾಲಲ್ಲಿ ಬೊಬ್ಬೆ ಎದ್ದವು. ಮುಂದೆ ಕಾಕಾ ಇದ್ದರು, ಅವರು ಹೆಜ್ಜೆ ಬೇಗ ಹಾಕಲಿಲ್ಲ, ಹಾಗಾಗಿ ನಾವೂ ಹಾಕಲಿಲ್ಲ. ಪ್ರಯಾಣಿಕರು ಬ್ಯಾಗು ಬಂದವಲ್ಲ ಎಂದು ಆ ಕಡೆ ಓಡುತ್ತಿದ್ದರು.

ಗೇಟಿನಲ್ಲಿ ಆ ಅಣ್ಣ ತಾನೂ ಹೆಗಲು ಹಚ್ಚಿ ತಮ್ಮನನ್ನು ಆಂಬ್ಯುಲೆನ್ಸಿಗೆ ಏರಿಸಿದ. ತಿರುಗಿ ಬಂದು ಕಾಕಾನ ಕಾಲು ಮುಟ್ಟಿದ. ಮೇಲೆ ನೋಡಿದರೆ ಸಾಹೇಬರು ಗಾಜಿನ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಮನಸ್ಸು ಕರಗಿರಬೇಕು ಎಂದುಕೊಂಡೆ. ಎಂಥಾ ಖೋಡಿ ನಾನು!

ಆ ವಾರದಲ್ಲೇ ಕಾಕಾ ಸಸ್ಪೆಂಡ್ ಆದರು. ಬಂದ್ ಮಾಡಿದ್ದಕ್ಕಲ್ಲ, ಬಂದಿನ ಮಾತನ್ನೇ ಯಾರೂ ಎತ್ತಲಿಲ್ಲ. ಸುರಕ್ಷಾ ಬೂಟು ಕಳಚಿ ವಿಮಾನದ ಹತ್ತಿರ ಬರಿಗಾಲಲ್ಲಿ ನಡೆದದ್ದು, ಉಳಿದವರಿಗೂ ಕಳಚಲು ಹೇಳಿದ್ದು, ಇದು ಅವರ ಗುನ್ಹೆ. ಕ್ಯಾಮರಾದಲ್ಲಿ ಎಲ್ಲ ಇತ್ತು. ಅದೇ ಬೂಟಿನ ತಳ ಕಿತ್ತುಬಂದಾಗ ಹೊಸದು ಕೇಳಿ ಕೇಳಿ ಸಾಕಾಗಿ, ಕೊಲ್ಹಾಪುರದ ಚಪ್ಪಲಿ ಗಲ್ಲಿಯಲ್ಲಿ ಸ್ವಂತ ದುಡ್ಡು ಕೊಟ್ಟು ಹೊಲಿಸಿಕೊಂಡವರು ನಾವು. ಆಗ ಯಾವ ಸುರಕ್ಷೆಯೂ ಯಾರಿಗೂ ನೆನಪಾಗಿರಲಿಲ್ಲ. ಈಗಲೂ ಅದನ್ನು ನೆನೆಸಿಕೊಂಡರೆ ನನಗೆ ಮೈ ಉರಿಯುತ್ತದೆ.

ಮತ್ತೆ ನೋಡಿ, ಸಾಹೇಬರಿಗೆ ಒಮ್ಮೆಲೇ ಮಾತುಕತೆಗೆ ಪುರಸೊತ್ತು ಸಿಕ್ಕಿತು. ಕೊಲ್ಹಾಪುರದ ಒಂದು ಹೋಟೆಲಿನ ತಣ್ಣನೆಯ ಕೋಣೆ, ತಟ್ಟೆಯಲ್ಲಿ ಗೋಡಂಬಿ. ಸಸ್ಪೆಂಡ್ ಆದವರಿಗೆ ಒಳಗೆ ಪ್ರವೇಶವಿಲ್ಲ ಎಂದು ಕಾಕಾನನ್ನು ಬಾಗಿಲಲ್ಲೇ ನಿಲ್ಲಿಸಿದರು. ಅವರು ಎದುರಿನ ಚಹಾದಂಗಡಿಯಲ್ಲಿ ಕೂತರು. ಯೂನಿಯನ್ ಪರವಾಗಿ ನಾನೂ ಇನ್ನಿಬ್ಬರೂ ಒಳಗೆ ಹೋದೆವು. ಸಾಹೇಬರು ಕರಾರಿನ ಕಾಗದ ನಮ್ಮ ಕಡೆ ಸರಿಸಿ ಮರಾಠಿಯಲ್ಲಿ, "ಸಹ್ಯಾ ಕರಾ, ಕಾಕಾಂಚಾ ವಿಷಯ ಸಂಪಲಾ" ಎಂದರು. ಸಹಿ ಮಾಡಿ, ಕಾಕಾನ ವಿಷಯ ಅಲ್ಲಿಗೆ ಮುಗಿಯಿತು. ಮಾಡದಿದ್ದರೆ ವಿಚಾರಣೆ, ವಜಾ. ಅರ್ಹರನ್ನೆಲ್ಲ ಗುತ್ತಿಗೆದಾರ ತೆಗೆದುಕೊಳ್ಳುತ್ತಾನೆ ಎಂದು ಕಾಗದದಲ್ಲಿತ್ತು. ಅರ್ಹರು ಅಂದ್ರ ಏನ್ರಿ ಸಾಹೇಬ್ರ ಎಂದು ಕೇಳುವ ಮನುಷ್ಯ ಹೊರಗೆ ಕೂತಿದ್ದರು. ನಮಗೆ ಅದು ಹೊಳೆಯಲಿಲ್ಲ.

ಕೇಳಿಕೊಂಡು ಬರುತ್ತೇವೆಂದು ಎದ್ದು ರಸ್ತೆ ದಾಟಿದೆವು. ಕಾಕಾ ಚಹಾದ ಗ್ಲಾಸು ಕೆಳಗಿಟ್ಟರು.

"ನನ್ನ ಸಲುವಾಗಿ ಸಹಿ ಮಾಡಬ್ಯಾಡ್ರಿ. ನಂದು ಇನ್ನೆಷ್ಟ ವರ್ಷ ಉಳದಾವು? ನಿಮಗ ಸಣ್ಣ ಸಣ್ಣ ಮಕ್ಕಳದಾವು, ಹಳೇ ಸರ್ವಿಸು ಬಿಡಬ್ಯಾಡ್ರಿ."

ಅವರು ಹಾಗೆಂದದ್ದಕ್ಕೇ ನಮಗೆ ತಡೆಯಲಾಗಲಿಲ್ಲ. ಹೆಣಕ್ಕೆ ಹೆಗಲು ಕೊಟ್ಟ ಮನುಷ್ಯ ಕಳ್ಳನ ಹಾಗೆ ವಜಾ ಆಗಬೇಕೇ? ಒಳಗೆ ಹೋಗಿ ಮೂವರೂ ಸಹಿ ಹಾಕಿದೆವು. ಸಾಹೇಬರು ಎದ್ದು ನಿಂತು ಕೈಕುಲುಕಿದರು. ಹೊರಗೆ ಬಂದು ಹೇಳಿದಾಗ ಕಾಕಾ ಬೈಯಲಿಲ್ಲ. ಚಹಾದ ದುಡ್ಡು ಅವರೇ ಕೊಟ್ಟು ಹುಪರಿಯ ಬಸ್ಸು ಹತ್ತಿದರು.

ಗುತ್ತಿಗೆದಾರನ ಕೆಲಸ ಶುರುವಾದ ದಿನ ಗೇಟಿನಲ್ಲಿ ಹೊಸ ಅಂಗಿ, ಹೊಸ ಪಾಸು ಹಂಚುತ್ತಿದ್ದರು. ಕಾಕಾ ಮೊದಲ ಬಸ್ಸಿಗೇ ಬಂದಿದ್ದರು. ನುಣ್ಣಗೆ ಗಡ್ಡ ಹೆರೆಸಿಕೊಂಡಿದ್ದರು. ಎಲ್ಲರ ಪಾಸೂ ಬಂತು, ಅವರದು ಬರಲಿಲ್ಲ. ಗುತ್ತಿಗೆದಾರನ ಮನುಷ್ಯ ಮುಖ ಎತ್ತದೆ, ಐವತ್ತು ದಾಟಿದವರು ನಮ್ಮಲ್ಲಿ ಅರ್ಹರಲ್ಲ ಎಂದ.

ನಾನು ಸಾಹೇಬರ ಕೋಣೆಗೆ ಓಡಿದೆ. ನೀವು ಮಾತು ಕೊಟ್ಟಿದ್ದಿರಿ ಎಂದು ಕೂಗಿದೆ. ಅವರಿಗೆ ಸಿಟ್ಟೂ ಬರಲಿಲ್ಲ. ವಿಷಯ ಮುಗಿಸುತ್ತೇನೆಂದಿದ್ದೆ, ಮುಗಿಸಿದ್ದೇನೆ, ಕಾಕಾನ ಮೇಲೆ ಈಗ ಯಾವ ಕೇಸೂ ಇಲ್ಲ ಎಂದರು. ಗುತ್ತಿಗೆದಾರ ಯಾರನ್ನು ಇಟ್ಟುಕೊಳ್ಳುತ್ತಾನೋ ಅದು ಅವನ ವಿಚಾರವಂತೆ.

ಗೇಟಿಗೆ ವಾಪಸು ಬಂದು, "ಯಾರೂ ಒಳಗ ಹೋಗಬ್ಯಾಡ್ರಿ!" ಎಂದು ಚೀರಿದೆ. ಎಲ್ಲರ ಕೊರಳಲ್ಲಿ ಹೊಸ ಪಾಸು ನೇತಾಡುತ್ತಿತ್ತು, ನನ್ನ ಕೊರಳಲ್ಲೂ ಇತ್ತು. ಈಗ ನಮಗೆ ಯೂನಿಯನ್ನೂ ಇರಲಿಲ್ಲ, ಸರ್ವಿಸೂ ಇರಲಿಲ್ಲ. ಗುತ್ತಿಗೆದಾರನ ಹತ್ತಿರ ನಾವು ಅರ್ಧ ತಾಸಿನ ನೌಕರರು. ಅಷ್ಟರಲ್ಲಿ ಮೇಲೆ ವಿಮಾನದ ಸಪ್ಪಳ ಕೇಳಿಸಿತು.

ಕಾಕಾ ತಲೆ ಎತ್ತಿ ನೋಡಿದರು. ನನ್ನ ಬೆನ್ನಿಗೆ ಕೈಯಿಟ್ಟು ಗೇಟಿನ ಕಡೆ ಮೆಲ್ಲಗೆ ದೂಡಿದರು.

"ನಡೀರೋ, ವಿಮಾನ ಬಂತು. ಮೊದಲನೇ ದಿನಾನ ತಡಾ ಮಾಡಬ್ಯಾಡ್ರಿ."

ಎಲ್ಲರೂ ಒಳಗೆ ಹೋದರು. ನಾನೂ ಹೋದೆ.